ಉಣ್ಣಲೊಲ್ಲದ ಅತಿಥಿ

ಅಡಿಗೆ ಮಾಡುವುದು ಕಷ್ಟವಲ್ಲ, ಬಡಿಸುವುದೂ ಕಷ್ಟವಲ್ಲ. ಬೇಡ ಎಂದು ಬಾಯಿ ಬಿಗಿಹಿಡಿದವರಿಗೆ ತಿನ್ನಿಸುವುದಿದೆಯಲ್ಲ, ಅದು ಕಷ್ಟ. ಈ ವಿದ್ಯೆಗೆ ಯಾವ ಕಾಲೇಜಿನಲ್ಲೂ ಪದವಿ ಇಲ್ಲ, ಆದರೆ ಹೆಂಗಸಾಗಿ ಹುಟ್ಟಿದ ಮೇಲೆ ಪರೀಕ್ಷೆ ಮಾತ್ರ ದಿನಕ್ಕೆ ಮೂರು ಹೊತ್ತು ಇದ್ದೇ ಇರುತ್ತದೆ. ಮಕ್ಕಳಿಗೆ ಚಂದಮಾಮನನ್ನು ತೋರಿಸಿ ತುತ್ತಿಡುತ್ತೇವೆ. ಚಂದಮಾಮ ಇಲ್ಲದ ದಿನ ಗುಮ್ಮನನ್ನು ಕರೆಯುತ್ತೇವೆ. ಜ್ವರ ಬಂದು ನಾಲಿಗೆ ಕೆಟ್ಟವರಿಗೆ ಗಂಜಿಗೆ ನಿಂಬೆಹುಳಿ ಹಿಂಡಿ ಕುಡಿಸುತ್ತೇವೆ. ಮುನಿಸಿಕೊಂಡು ತಟ್ಟೆ ಬಿಟ್ಟು ಎದ್ದ ಗಂಡಸರಿಗೆ ಮತ್ತೆ ಕರೆದು ಬಡಿಸುವ ದಾರಿಯೂ ನಮಗೆ ಗೊತ್ತು. ಹೀಗೆ ನಮ್ಮ ಮನೆಯ ಮೂರು ಹೆಂಗಸರದು, ಅಂದರೆ ನನ್ನ ಅತ್ತೆ, ನಾನು, ನನ್ನ ವಾರಗಿತ್ತಿ ಮೂವರದೂ ಸೇರಿ ತೊಂಬತ್ತು ವರ್ಷದ ಅನುಭವ. ಅಷ್ಟನ್ನೂ ಒಂದೇ ಏಟಿಗೆ ಮಣ್ಣುಪಾಲು ಮಾಡಿದ್ದು ಮೂರಡಿ ಉದ್ದದ ಒಂದು ಮಣ್ಣುಮುಕ್ಕ ಹಾವು.

ಹಾವು ಎಂದ ಕೂಡಲೇ ಪುಸ್ತಕ ಮುಚ್ಚಬೇಡಿ. ಇದು ಕಚ್ಚುವ ಕಥೆಯಲ್ಲ. ಕಚ್ಚಿದ್ದರೂ ಇದಕ್ಕೆ ವಿಷವಿಲ್ಲ. ಇದು ಉಣ್ಣದೆ ಕುಳಿತ ಕಥೆ.

ನಮ್ಮೂರು ಆದಿವಾಲ. ಹಿರಿಯೂರಿನ ಮಗ್ಗುಲಲ್ಲಿ, ಬೆಂಗಳೂರು-ಚಿತ್ರದುರ್ಗದ ಹೆದ್ದಾರಿಯ ಮೇಲಿದೆ. ನೀವು ಬಸ್ಸಿನಲ್ಲಿ ಈ ದಾರಿಯಲ್ಲಿ ಹೋಗಿದ್ದರೆ ನಮ್ಮೂರನ್ನು ನೋಡಿಯೇ ಇರುತ್ತೀರಿ, ಆದರೆ ನೋಡಿದ್ದು ನೆನಪಿರುವುದಿಲ್ಲ. ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ ನಮಗೆ ದೂರವಲ್ಲ. 1907ರಲ್ಲಿ ಕೆಲಸ ಮುಗಿದ ಆ ಅಣೆಕಟ್ಟಿಗೆ ಮೈಸೂರಿನ ಮಹಾರಾಣಿಯವರ ಹೆಸರಿಟ್ಟರೂ ನಮ್ಮ ಬಾಯಲ್ಲಿ ಅದು ಇಂದಿಗೂ ಮಾರಿಕಣಿವೆಯೇ. ಅದರ ಕಾಲುವೆ ನೀರು ಕಂಡ ತೋಟಗಳದೇ ಒಂದು ಲೋಕ. ಅಲ್ಲಿ ತೆಂಗು, ಅಡಿಕೆ, ಬಾಳೆ. ಕಾಲುವೆ ಕಾಣದ ಹೊಲಗಳದು ಇನ್ನೊಂದು ಲೋಕ. ಅಲ್ಲಿ ಮಳೆ ಬಂದರೆ ಶೇಂಗಾ, ಬರದಿದ್ದರೆ ಆಕಾಶ. ನಮ್ಮ ಮನೆಯ ಹೊಲ ಈ ಎರಡನೆಯ ಲೋಕದ್ದು.

2016ನೇ ಇಸವಿ ನಮ್ಮ ಸೀಮೆಗೆ ಆಕಾಶ ನೋಡುವ ವರ್ಷವಾಗಿತ್ತು. ಬಿತ್ತಿದ ಶೇಂಗಾ ಗಿಡದಲ್ಲಿ ಕಾಯಿಗಿಂತ ಬೇರೇ ಹೆಚ್ಚು. ಮೈದುನ ಆ ಎರಡು ವರ್ಷಗಳಲ್ಲಿ ಮೂರು ಬೋರು ಕೊರೆಸಿದ್ದ. ಮೂರರಲ್ಲೂ ಮೇಲೆ ಬಂದದ್ದು ಬಿಳೀ ಪುಡಿ. ಕೊರೆಯುವ ಲಾರಿಯವರಿಗೆ ಕೊಟ್ಟ ದುಡ್ಡು ಸಾಲದ್ದು, ಬಡ್ಡಿ ಮಾತ್ರ ಮಳೆಗಾಲ ಬೇಸಿಗೆ ಎನ್ನದೆ ಹುಲುಸಾಗಿ ಬೆಳೆಯುತ್ತಿತ್ತು. ಇಂಥ ಹೊತ್ತಿನಲ್ಲೇ ಮನುಷ್ಯನ ಕಿವಿಗೆ ಎಲ್ಲೆಲ್ಲಿಯದೋ ಮಾತು ಬಂದು ಬೀಳುವುದು.

ಆ ವರ್ಷದ ನಾಗರಪಂಚಮಿ ಕಳೆದು ವಾರವಾಗಿರಬೇಕು. ಮೈದುನ ಒಂದು ಸಂಜೆ ಗೋಣಿಚೀಲ ಹಿಡಿದು ಬಂದ. ಉಗ್ರಾಣದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ, "ಅತ್ತಿಗೇ, ಈರುಳ್ಳಿ ತೂಗೋ ತಕ್ಕಡಿ ಎಲ್ಲೈತೆ?" ಎಂದು ಕೂಗಿದ. ತಕ್ಕಡಿ ಕೊಡಲು ಹೋದಾಗ ಕಂಡಿದ್ದು ಅದು. ಕಂದು ಬಣ್ಣ, ನುಣುಪು ಮೈ, ಒನಕೆಯ ತುಂಡಿನ ಹಾಗೆ ತಲೆಯಿಂದ ಬಾಲದವರೆಗೆ ಒಂದೇ ದಪ್ಪ. ಎಂಟುನೂರು ಗ್ರಾಂ ತೂಗಿತು. ಮೈದುನನ ಮುಖ ಇಳಿಯಿತು.

ಆಮೇಲೆ ಒಂದೊಂದಾಗಿ ವಿಷಯ ಹೊರಗೆ ಬಂತು. ಯಾರೋ ದಲ್ಲಾಳಿ ಹೇಳಿದನಂತೆ: ಈ ಎರಡು ತಲೆ ಹಾವು ಎರಡು ಕಿಲೋ ದಾಟಿದರೆ ಕೊಳ್ಳುವವರು ಲಕ್ಷಗಟ್ಟಲೆ ಕೊಡುತ್ತಾರೆ, ಮನೆ ಬಾಗಿಲಿಗೇ ಕಾರಿನಲ್ಲಿ ಬರುತ್ತಾರೆ. ಹಿಡಿದುಕೊಟ್ಟವನಿಗೆ ಮೈದುನ ಅರವತ್ತು ಸಾವಿರ ಕೊಟ್ಟಿದ್ದ. ಆ ಅರವತ್ತು ಸಾವಿರ ಎಲ್ಲಿಂದ ಬಂತು ಎಂದು ಯಾರೂ ಕೇಳಬೇಕಾಗಲಿಲ್ಲ. ವಾರಗಿತ್ತಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ತವರಿನಲ್ಲಿ ಹಾಕಿದ್ದ ಅವಳ ಎರಡು ಚಿನ್ನದ ಬಳೆ ಅಲ್ಲಿರಲಿಲ್ಲ. ಗಾಜಿನ ಬಳೆಗಳು ಮಾತ್ರ ಸದ್ದು ಮಾಡಿದವು.

ಆಗ ಬಿ.ಎಸ್ಸಿ. ಓದುತ್ತಿದ್ದ ನನ್ನ ಮಗಳು ನಿಂತಲ್ಲೇ ಉರಿದುಬಿದ್ದಳು. "ಚಿಕ್ಕಪ್ಪಾ, ಇದು ವನ್ಯಜೀವಿ. ಹಿಡಿಯೋದು, ಇಟ್ಟುಕೊಳ್ಳೋದು, ಮಾರೋದು ಎಲ್ಲಾ ಅಪರಾಧ. ಜೈಲಿಗೆ ಹಾಕ್ತಾರೆ" ಎಂದಳು. 1972ರಲ್ಲಿ ಎರಡು ಸಂಗತಿ ನಡೆದವು. ನಮ್ಮ ದುರ್ಗದ ಕೋಟೆಯಲ್ಲಿ ಚಿತ್ರೀಕರಣವಾದ ಪುಟ್ಟಣ್ಣ ಕಣಗಾಲರ 'ನಾಗರಹಾವು' ತೆರೆಗೆ ಬಂತು, ಮತ್ತು ವನ್ಯಜೀವಿ ಸಂರಕ್ಷಣಾ ಕಾಯಿದೆ ಅಂಗೀಕಾರವಾಯಿತು. ಮೊದಲನೆಯದರ ಒಂದೊಂದು ಮಾತೂ ನಮ್ಮ ಮೈದುನನಿಗೆ ಬಾಯಿಪಾಠ. ಎರಡನೆಯದರ ಹೆಸರನ್ನು ಅವನು ಕೇಳಿದ್ದು ಅವತ್ತೇ.

"ಬಿಡೋದಾದ್ರೆ ಅರವತ್ತು ಸಾವಿರ ನೀನು ಕೊಡ್ತೀಯೇನಮ್ಮಾ?" ಎಂದ. ಹುಡುಗಿಯ ಬಾಯಿ ಕಟ್ಟಿತು. ನನ್ನ ಯಜಮಾನರು ತಮ್ಮನ ಸಾಲದ ಲೆಕ್ಕ ಗೊತ್ತಿದ್ದವರು, ಪೇಪರಿನ ಹಿಂದೆ ಮುಖ ಮರೆಸಿದರು. ಕೊನೆಗೆ ಅತ್ತೆ ತೀರ್ಪು ಕೊಟ್ಟರು: "ಮನೆಯೊಳಗೆ ಹಾವು ಸಾಯಬಾರದು ಕಣ್ರೋ. ಮಾರ್ತೀಯೋ ಬಿಡ್ತೀಯೋ ಆಮೇಲಿನ ಮಾತು. ಮೊದಲು ಅದರ ಹೊಟ್ಟೆಗೆ ಏನಾದ್ರೂ ಹಾಕಿ."

ಹೊಟ್ಟೆಯ ಮಾತು ಬಂತಲ್ಲ, ಅಲ್ಲಿಗೆ ಅದು ಹೆಂಗಸರ ಖಾತೆಗೆ ಬಂತು. ಎಂಟುನೂರು ಗ್ರಾಮನ್ನು ಎರಡು ಕಿಲೋ ಮಾಡುವ ಗುತ್ತಿಗೆ ಅಡಿಗೆಮನೆಗೆ ಬಿತ್ತು.

ರಾಗಿ ತುಂಬುತ್ತಿದ್ದ ಹಳೆಯ ಗುಡಾಣವೊಂದು ಖಾಲಿ ಇತ್ತು. ಹಾವನ್ನು ಅದರೊಳಗೆ ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿ, ಉಗ್ರಾಣದ ಸಿಮೆಂಟು ನೆಲದ ಮೇಲೆ ಇಟ್ಟರು. ಮೊದಲ ದಿನ ವಾರಗಿತ್ತಿ ಬಟ್ಟಲಲ್ಲಿ ಹಾಲಿಟ್ಟಳು. ಹಾವು ಮೂಸಲೂ ಇಲ್ಲ. "ಸಕ್ಕರೆ ಹಾಕಿರಲಿಲ್ಲವಲ್ಲ, ಅದಕ್ಕೇ" ಎಂದ ಮೈದುನ. ಸಕ್ಕರೆ ಹಾಕಿದಳು. ಇರುವೆ ಬಂದವು, ಹಾವು ಬರಲಿಲ್ಲ. ಮೊಟ್ಟೆ ಒಡೆದು ಇಟ್ಟಳು. ವಾಸನೆ ಬಂತು. ಭಾನುವಾರ ಕೋಳಿಮಾಂಸ ತಂದ ದಿನ ಎಳೆಯ ತುಂಡುಗಳನ್ನು ಆರಿಸಿ, ಮಗುವಿಗೆ ಎತ್ತಿಟ್ಟ ಹಾಗೆ ಎತ್ತಿಟ್ಟಳು. ಮಾರನೆಯ ದಿನ ತುಂಡುಗಳು ಇಟ್ಟಲ್ಲೇ ಇದ್ದವು. ಮೈದುನ ದಿನಕ್ಕೆ ನಾಲ್ಕು ಸಲ ಬಟ್ಟೆ ಬಿಚ್ಚಿ, ಹಾವನ್ನು ಎತ್ತಿ, ತಕ್ಕಡಿಗೆ ಹಾಕಿ ನೋಡುತ್ತಿದ್ದ. ಎತ್ತಿದಾಗೆಲ್ಲ ಅದು ಸುರುಳಿಯಾಗಿ ತಲೆಯನ್ನು ಮೈಯ ಅಡಿಗೆ ಹುದುಗಿಸಿಕೊಂಡು ಮೊಂಡು ಬಾಲವನ್ನು ಮೇಲೆತ್ತಿ ಹಿಡಿಯುತ್ತಿತ್ತು. "ನೋಡಿ ಅತ್ತಿಗೆ, ಎರಡನೇ ತಲೆ" ಎನ್ನುತ್ತಿದ್ದ.

ಎರಡನೇ ತಲೆ ಎಲ್ಲಿಂದ ಬರಬೇಕು? ಬಾಲವೂ ತಲೆಯಷ್ಟೇ ದಪ್ಪಗೆ ಮೊಂಡಾಗಿರುವುದೇ ಅದರ ಗುಟ್ಟು. ಹೊಡೆಯುವವರು ಬಾಲಕ್ಕೆ ಹೊಡೆಯಲಿ, ತಲೆ ಉಳಿಯಲಿ ಎಂದು ಬಡಪಾಯಿ ಮಾಡಿಕೊಂಡ ಉಪಾಯ. ಹಿಂದೆ ಹಾವಾಡಿಗರು ಈ ಬಾಲದ ತುದಿಗೆ ಗಾಯ ಮಾಡಿ, ಕಣ್ಣು ಬಾಯಿಯ ಗುರುತು ಮೂಡಿಸಿ, ಆರು ತಿಂಗಳು ಆ ಕಡೆ ಆರು ತಿಂಗಳು ಈ ಕಡೆ ನಡೆಯುತ್ತದೆ ಎಂದು ಕಾಸು ಎತ್ತುತ್ತಿದ್ದರು. ಆಗಿನ ಕಾಸು ಈಗ ಲಕ್ಷವಾಗಿದೆ ಅಷ್ಟೆ. ಮನೆಯಲ್ಲಿಟ್ಟರೆ ಲಕ್ಷ್ಮಿ ಬರುತ್ತಾಳೆ, ನಿಧಿ ಇರುವ ಜಾಗ ತೋರಿಸುತ್ತದೆ, ಹೊರದೇಶದಲ್ಲಿ ಇದರಿಂದ ದೊಡ್ಡ ರೋಗಕ್ಕೆ ಔಷಧಿ ಮಾಡುತ್ತಾರೆ ಎಂದೆಲ್ಲ ಹಬ್ಬಿಸಿದವರು ಇದ್ದಾರೆ. ಒಂದಕ್ಕೂ ಆಧಾರವಿಲ್ಲ. ಆದರೂ 2016ರಿಂದ 2021ರವರೆಗೆ ನಮ್ಮ ದೇಶದಲ್ಲಿ ಈ ಹಾವನ್ನು ಮಾರುವವರು ಸಿಕ್ಕಿಬಿದ್ದ 172 ಪ್ರಕರಣಗಳನ್ನು ವನ್ಯಜೀವಿ ಸಂಸ್ಥೆಯೊಂದು ಲೆಕ್ಕ ಹಾಕಿದೆ. ಸಿಕ್ಕಿಬೀಳದ ಎಷ್ಟು ಗುಡಾಣಗಳು ಎಷ್ಟು ಉಗ್ರಾಣಗಳಲ್ಲಿ ಇದ್ದವೋ!

ಹಾಲಿನ ವಿಷಯಕ್ಕೆ ಬರೋಣ. ನಾಗರಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯದ ಕೈ ನಮ್ಮಲ್ಲಿ ಯಾವುದಿದೆ? ನಾನೂ ಎರೆದಿದ್ದೇನೆ, ತಂಬಿಟ್ಟು ಚಿಗಳಿ ಇಟ್ಟು ಕೈಮುಗಿದಿದ್ದೇನೆ. ಅದು ಅಣ್ಣತಮ್ಮಂದಿರ ಹೆಸರಿನಲ್ಲಿ ಮಾಡುವ ಹಬ್ಬ, ತವರಿನ ನೆನಪಿನ ಹಬ್ಬ, ಅದರ ಸವಿಯೇ ಬೇರೆ. ಆದರೆ ಹಾಲು ಮೊಲೆಯೂಡಿಸುವ ಜಾತಿಗೆ ಸೇರಿದ ಆಹಾರ. ಹಾವಿನ ತಾಯಿ ಮರಿಗೆ ಹಾಲೂಡಿಸುವುದಿಲ್ಲ, ಹಾಲನ್ನು ಅರಗಿಸುವ ಶಕ್ತಿಯೂ ಹಾವಿನ ಹೊಟ್ಟೆಗಿಲ್ಲ. ಹಾಗಾದರೆ ಹಾವಾಡಿಗನ ಬುಟ್ಟಿಯ ನಾಗರಹಾವು ಹಾಲು ಕುಡಿಯುವುದನ್ನು ಕಣ್ಣಾರೆ ಕಂಡಿದ್ದೇವಲ್ಲ ಎನ್ನುತ್ತೀರಿ. ಕಂಡದ್ದು ನಿಜ. ಹಬ್ಬಕ್ಕೆ ಮೊದಲು ಅದಕ್ಕೆ ದಿನಗಟ್ಟಲೆ ನೀರು ಕೊಡದೆ ಇಟ್ಟಿರುತ್ತಾರೆ. ಗಂಟಲೊಣಗಿದ ಪ್ರಾಣಿ ಮುಂದೆ ಬಂದ ಯಾವ ದ್ರವಕ್ಕಾದರೂ ಬಾಯಿಡುತ್ತದೆ. ಅದು ಭಕ್ತಿಯಲ್ಲ, ಬಾಯಾರಿಕೆ. ಕಲ್ಲಿನ ನಾಗಪ್ಪನಿಗೆ ಒಂದು ನ್ಯಾಯ, ಜೀವ ಇರುವ ನಾಗಪ್ಪನಿಗೆ ಇನ್ನೊಂದು ನ್ಯಾಯ ಮಾಡುವ ನಮ್ಮ ರೀತಿಯನ್ನು ಬಸವಣ್ಣನವರು ಎಂಟುನೂರು ವರ್ಷಗಳ ಹಿಂದೆಯೇ ಎತ್ತಿ ಆಡಿದ್ದರು. ನಾವು ಆ ವಚನವನ್ನೂ ಹಾಡುತ್ತೇವೆ, ದೊಣ್ಣೆಯನ್ನೂ ಬಾಗಿಲ ಮೂಲೆಯಲ್ಲಿ ಇಟ್ಟಿರುತ್ತೇವೆ.

ಹದಿನೈದು ದಿನವಾಯಿತು, ತಿಂಗಳಾಯಿತು. ಹಾವು ಏನೂ ತಿನ್ನಲಿಲ್ಲ. ತಕ್ಕಡಿ ಏಳುನೂರ ಅರವತ್ತು ತೋರಿಸಿತು, ಮುಂದಿನ ವಾರ ಏಳುನೂರ ಇಪ್ಪತ್ತು. ಮೈದುನನಿಗೆ ಹಾವಿನ ಒಂದೊಂದು ಗ್ರಾಮೂ ಕಣ್ಣೆದುರು ಕರಗುವ ನೋಟಿನ ಹಾಗೆ ಕಾಣುತ್ತಿತ್ತು. ದಲ್ಲಾಳಿ ಫೋನಿನಲ್ಲಿ, "ಬಾಯಿ ಬಿಡಿಸಿ ಕೊಳವೆ ಹಾಕಿ ತುಂಬಿಸಿ" ಎಂದು ಸಲಹೆ ಕೊಟ್ಟನಂತೆ. ಅದನ್ನು ಕೇಳಿ ನನ್ನ ಮಗಳು ಉಗ್ರಾಣದ ಬಾಗಿಲಿಗೆ ಅಡ್ಡ ನಿಂತಳು. ಹಾಗೆ ತುರುಕಿದರೆ ಗಂಟಲು ಹರಿದೋ, ಉಸಿರಿನ ಕೊಳವೆಗೆ ಇಳಿದೋ ಹಾವು ಸಾಯುತ್ತದೆ ಎಂದಳು. "ಸತ್ತರೆ ಅರವತ್ತು ಸಾವಿರವೂ ಹೋಯ್ತು, ದೋಷವೂ ಸುತ್ತಿಕೊಳ್ತು" ಎಂದು ಅತ್ತೆ ಗದರಿದ ಮೇಲೆ ಮೈದುನ ಕೊಳವೆ ಕೆಳಗಿಟ್ಟ.

ಅವತ್ತೇ ಅತ್ತೆ ಬಾಗಿಲ ಹೊಸ್ತಿಲ ಮೇಲೆ ಕುಳಿತು ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ. "ನೀವು ಅದಕ್ಕೆ ಹಸಿವಿಲ್ಲ ಅಂದ್ಕೊಂಡಿದ್ದೀರಿ. ಹಸಿದದ್ದು ತಿಂತದೆ. ಹೆದರಿದ್ದು ತಿನ್ನಲ್ಲ. ಮೊದಲು ಹೆದರಿಕೆ ಬಿಡಿಸ್ರೇ." ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹನ್ನೆರಡು ಬಾಣಂತನ ಮಾಡಿದವರು, ಹಟ್ಟಿಯ ಹಸು ಕರು ನೋಡಿದವರು.

ಮಗಳು ಓದಿ ತಿಳಿದದ್ದೂ ಅದನ್ನೇ. ಹಾವಿನ ಮೈಗೆ ಸ್ವಂತ ಕಾವಿಲ್ಲ. ಬಿಸಿಲು, ಮಣ್ಣು, ಕಲ್ಲುಗಳಿಂದ ಅದು ಕಾವು ಎರವಲು ಪಡೆಯಬೇಕು. ಮೈ ತಣ್ಣಗಿದ್ದರೆ ತಿಂದದ್ದು ಅರಗುವುದಿಲ್ಲ, ಹೊಟ್ಟೆಯಲ್ಲೇ ಕೊಳೆಯುತ್ತದೆ. ಅದಕ್ಕೇ ಜಾಣ ಹಾವು ಚಳಿಯಲ್ಲಿ ತಿನ್ನಲು ಹೋಗುವುದಿಲ್ಲ. ಅಡಗಲು ಜಾಗವಿರಬೇಕು, ಯಾರೂ ಮುಟ್ಟಬಾರದು. ಪೊರೆ ಬಿಡುವ ಮುಂಚೆ ಅದಕ್ಕೆ ಕಣ್ಣು ಮಂಜಾಗಿರುತ್ತದೆ, ಆಗಲೂ ಒಲ್ಲದು. ತಿನ್ನುವುದಾದರೂ ಮಣ್ಣಿನಲ್ಲಿ ಹುದುಗಿ ಕಾದಿದ್ದು ಇಲಿ ಹಿಡಿದು ತಿನ್ನುವ ಪ್ರಾಣಿ ಇದು. ಕೋಳಿತುಂಡು ಆಹಾರ ಎಂಬುದೇ ಅದಕ್ಕೆ ತಿಳಿಯದು.

ಕಾಲೇಜಿನಿಂದ ಮಹಾಬಲಿಪುರಕ್ಕೆ ಪ್ರವಾಸ ಹೋದಾಗ ಅವಳು ಅಲ್ಲಿ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ ನೋಡಿ ಬಂದಿದ್ದಳು. 1978ರಲ್ಲಿ ಶುರುವಾದ ಸಂಘ ಅದು. ಮೊದಲು ಇರುಳರು ಹಾವಿನ ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದರು. ಚರ್ಮದ ವ್ಯಾಪಾರ ನಿಂತು ಹೊಟ್ಟೆಗಿಲ್ಲದಾದಾಗ ರೊಮುಲಸ್ ವಿಟೇಕರ್ ಅವರ ಪ್ರಯತ್ನದಿಂದ ಈ ಸಂಘ ಹುಟ್ಟಿತು. ಸರ್ಕಾರದ ಅನುಮತಿ ಪಡೆದು ವಿಷದ ಹಾವು ಹಿಡಿದು ತರುತ್ತಾರೆ, ವಿಷ ತೆಗೆದು ಹಾವು ಕಚ್ಚಿದವರ ಔಷಧಿಗೆ ಕೊಡುತ್ತಾರೆ, ಕೆಲವು ವಾರಗಳಲ್ಲಿ ಹಾವನ್ನು ಮರಳಿ ಕಾಡಿಗೆ ಬಿಡುತ್ತಾರೆ. ಹಾವಿಡುವುದು ಎಲ್ಲಿ ಗೊತ್ತೆ? ಮಣ್ಣಿನ ಮಡಕೆಯಲ್ಲಿ, ಒಳಗೆ ಮರಳು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ. "ನಮ್ಮ ಗುಡಾಣ ಸರಿಯಾಗೇ ಇದೆ ಅಮ್ಮಾ, ಮಣ್ಣು ಹಾಕೋದನ್ನ ಮಾತ್ರ ಮರೆತಿದ್ದಾರೆ" ಎಂದಳು.

ಅವಳಿಂದಲೇ ತಿಳಿದ ಇನ್ನೊಂದು ಸಂಗತಿ ಹೇಳಿದರೆ ನೀವು ನಗುತ್ತೀರಿ. ಅಮೆರಿಕ, ಇಂಗ್ಲೆಂಡುಗಳಲ್ಲಿ ಕಾಯಿದೆಯ ಪ್ರಕಾರವೇ ಹಾವು ಸಾಕುವ ಮನೆಗಳಿವೆ. ಆಫ್ರಿಕದ ಬಾಲ್ ಪೈಥಾನ್ ಎಂಬ ಪುಟ್ಟ ಹೆಬ್ಬಾವು ಅವರಿಗೆ ಬಲು ಪ್ರೀತಿ. ಅದೂ ಹೀಗೇ ತಿಂಗಳುಗಟ್ಟಲೆ ಉಪವಾಸ ಕೂರುವುದರಲ್ಲಿ ಹೆಸರುವಾಸಿ. ಆ ಮನೆಯ ಅಮ್ಮಂದಿರು ಅಪ್ಪಂದಿರು ಫ್ರಿಜ್ಜಿನಲ್ಲಿ ಇಟ್ಟ ಇಲಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಜೀವ ಇದ್ದ ಹಾಗೆ ಕಾಣಲೆಂದು ಇಕ್ಕಳದಲ್ಲಿ ಹಿಡಿದು ಅಲ್ಲಾಡಿಸಿ, ದೀಪ ಆರಿಸಿ ಕಾಯುತ್ತಾರಂತೆ. ಚಂದಮಾಮನನ್ನು ತೋರಿಸುವುದೊಂದು ಬಾಕಿ. ಫ್ರಿಜ್ಜಿನಲ್ಲಿ ಇಲಿ ಎಂದ ಕೂಡಲೇ ಅತ್ತೆ, "ಶಿವ ಶಿವ" ಎಂದು ಎದ್ದು ಹೋದರು.

ನಾವು ಮಾಡಿದ್ದು ಇಷ್ಟು. ಹೊಲದಿಂದ ಸಡಿಲವಾದ ಕೆಂಪು ಮಣ್ಣು ತಂದು, ಜರಡಿ ಹಿಡಿದು, ಕಲ್ಲು ಆರಿಸಿ ಗುಡಾಣದಲ್ಲಿ ಅರ್ಧಕ್ಕೆ ತುಂಬಿದೆವು. ಗುಡಾಣವನ್ನು ಉಗ್ರಾಣದ ತಣ್ಣನೆಯ ನೆಲದಿಂದ ಎತ್ತಿ ಬಚ್ಚಲ ಒಲೆಯ ಹಿಂದಿನ ಗೋಡೆಗೆ ಒತ್ತಿ ಇಟ್ಟೆವು. ದಿನಾ ಹಂಡೆ ಕಾಯಿಸುವ ಒಲೆ, ಗೋಡೆ ಸಂಜೆಯವರೆಗೂ ಬೆಚ್ಚಗಿರುತ್ತದೆ. ಒಂದು ಮೂಲೆಯಲ್ಲಿ ಮಣ್ಣಿನ ಚಿಪ್ಪಿನಲ್ಲಿ ನೀರು. ತಕ್ಕಡಿಯನ್ನು ಅತ್ತೆ ತಮ್ಮ ಮಂಚದ ಕೆಳಗೆ ಬಚ್ಚಿಟ್ಟರು. ಆಮೇಲೆ ಏನು ಮಾಡಿದಿರಿ ಎಂದರೆ, ಏನೂ ಮಾಡಲಿಲ್ಲ. ಏನೂ ಮಾಡದೆ ಸುಮ್ಮನಿರುವುದು ಎಷ್ಟು ಕಷ್ಟ ಎಂಬುದು ಮಗುವಿನ ತಟ್ಟೆಯ ಮುಂದೆ ಕುಳಿತ ಪ್ರತಿಯೊಬ್ಬ ತಾಯಿಗೂ ಗೊತ್ತು.

ಹಾವು ಮಣ್ಣು ಕಂಡದ್ದೇ ತಡ, ಗುದ್ದಲಿಯ ಹಾಗೆ ಮೂತಿ ಹಾಕಿ ಇಳಿದುಹೋಯಿತು. ನಾಲ್ಕು ದಿನ ಕಾಣಲೇ ಇಲ್ಲ. ಐದನೆಯ ದಿನ ಮಗಳು ಟಾರ್ಚು ಹಿಡಿದು ನೋಡಿದಾಗ ಮಣ್ಣಿನ ಮೇಲೆ ತಲೆಯಷ್ಟೇ ಇತ್ತು, ಕಣ್ಣು ಹಾಲು ಬಿದ್ದ ಹಾಗೆ ಬೆಳ್ಳಗೆ. "ಕುರುಡಾಯ್ತೇನೇ?" ಎಂದು ವಾರಗಿತ್ತಿ ಗಾಬರಿಯಾದಳು. ವಾರ ಹತ್ತು ದಿನಕ್ಕೆ ಗುಡಾಣದಲ್ಲಿ ಪೊರೆ ಸಿಕ್ಕಿತು, ಕಾಲುಚೀಲ ತಿರುವಿ ತೆಗೆದ ಹಾಗೆ, ಒಂದೇ ಸಮನೆ, ಎಲ್ಲೂ ಹರಿಯದೆ. ಹಾವು ಹೊಸ ಮೈಯಲ್ಲಿ ತಾಮ್ರದ ಚೊಂಬಿನ ಹಾಗೆ ಹೊಳೆಯುತ್ತಿತ್ತು.

ಈ ದಿನಗಳಲ್ಲಿ ಇನ್ನೊಂದು ಸಂಗತಿ ನಡೆಯುತ್ತಿತ್ತು, ಅದು ಅತ್ತೆಯ ಕಣ್ಣಿಗೆ ಮಾತ್ರ ಬಿದ್ದಿತ್ತು. ವಾರಗಿತ್ತಿ ಸೊರಗುತ್ತಿದ್ದಳು. ಎಲ್ಲರಿಗೂ ಮುದ್ದೆ ಕಟ್ಟಿ ಬಡಿಸಿ, ತನ್ನ ತಟ್ಟೆಯಲ್ಲಿ ಅರ್ಧ ಮುದ್ದೆ ಮುರಿದು, ಅದರಲ್ಲೂ ಅರ್ಧ ದನದ ಬಾನಿಗೆ ಹಾಕುತ್ತಿದ್ದಳು. ಬಳೆ ಹೋದದ್ದು ಅವಳಿಗೆ ದುಃಖವಲ್ಲ, ತವರಿನವರು ದೀಪಾವಳಿಗೆ ಬಂದಾಗ ಕೈ ನೋಡಿದರೆ ಏನು ಹೇಳಲಿ ಎಂಬ ಭಯ. ಪೊಲೀಸರು ಬಂದರೆ ಗಂಡನ ಗತಿ ಏನು ಎಂಬ ಭಯ. ರಾತ್ರಿ ಹೆದ್ದಾರಿಯಲ್ಲಿ ಜೀಪು ನಿಂತ ಸದ್ದಾದರೆ ಎದ್ದು ಕೂರುತ್ತಿದ್ದಳು. ನಾವೆಲ್ಲ ಗುಡಾಣದ ಮುಂದೆ ಕೂತು ಹಾವಿನ ಊಟ ಕಾಯುತ್ತಿದ್ದೆವು. ಅತ್ತೆ ಒಂದು ದಿನ ಮೈದುನನನ್ನು ಕರೆದು, "ನಿನ್ನ ಮನೇಲಿ ಉಪವಾಸ ಇರೋದು ಹಾವು ಒಂದೇ ಅಲ್ಲ ಕಣಪ್ಪ, ನೋಡ್ಕೋ" ಎಂದರು. ಅವನಿಗೆ ಆಗ ಅರ್ಥವಾಯಿತೋ ಇಲ್ಲವೋ, ಮಾತಾಡದೆ ಹೊಲಕ್ಕೆ ಹೋದ.

ಪೊರೆ ಬಿಟ್ಟ ಮೂರನೆಯ ರಾತ್ರಿ ಮಗಳು ಬೋನಿಗೆ ಬಿದ್ದ ಇಲಿಯೊಂದನ್ನು ಗುಡಾಣಕ್ಕೆ ಬಿಟ್ಟು ಬಟ್ಟೆ ಕಟ್ಟಿದಳು. ಬಚ್ಚಲ ದೀಪ ಆರಿಸಿ ನಾವು ನಾಲ್ವರೂ ಹೊರಗೆ ಕತ್ತಲಲ್ಲಿ ಕುಳಿತೆವು. ಒಳಗೆ ಇಲಿ ಕೆರೆಯುವ ಸದ್ದು. ಸುಮಾರು ಹೊತ್ತು ಅಷ್ಟೇ. ಆಮೇಲೆ ಒಮ್ಮೆಗೇ ದಬಕ್ಕೆಂದು ಮಣ್ಣು ಹಾರಿದ ಸದ್ದು, ಒಂದು ಕೀಚಲು, ಮತ್ತೆ ನಿಶ್ಶಬ್ದ. ಇಲಿಗೂ ಜೀವವೇ, ನನಗೆ ಹೊಟ್ಟೆ ಚುರುಕ್ಕೆಂದಿತು. ಅರ್ಧ ಗಂಟೆಯ ಮೇಲೆ ಟಾರ್ಚು ಹಾಕಿದರೆ ಹಾವು ಇಲಿಯನ್ನು ಸುತ್ತಿ ಬಿಗಿದು, ತಲೆಯ ಕಡೆಯಿಂದ ನುಂಗುತ್ತಿತ್ತು, ನಿಧಾನವಾಗಿ, ಯಾವ ಅವಸರವೂ ಇಲ್ಲದೆ. ಬಾಲದ ತುದಿಯೂ ಒಳಗೆ ಹೋದ ಮೇಲೆ ಎರಡು ಸಲ ಬಾಯಿ ಆಕಳಿಸಿ ಮಣ್ಣೊಳಗೆ ಇಳಿಯಿತು.

"ತಿಂತು ಅಕ್ಕಾ" ಎಂದಳು ವಾರಗಿತ್ತಿ. ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು. ಅಳುತ್ತಿದ್ದಳು. ಹತ್ತು ವಾರದ ಉಪವಾಸ ಮುರಿದಿತ್ತು. ಅವಳು ಅತ್ತದ್ದು ಬಳೆಗಾಗಿ ಅಲ್ಲ ಎಂದು ನನಗೆ ಕತ್ತಲಲ್ಲೂ ತಿಳಿಯಿತು.

ಮೈದುನನಿಗೆ ವಿಷಯ ತಿಳಿದದ್ದೇ ಮುಖ ಅರಳಿತು. ಮತ್ತೆ ಎರಡು ಕಿಲೋದ ಲೆಕ್ಕ ಶುರುವಾಯಿತು. ದಿನಕ್ಕೊಂದು ಇಲಿ, ತಿಂಗಳಿಗೆ ಮೂವತ್ತು. "ವಾರ ಹತ್ತು ದಿನಕ್ಕೊಂದು ತಿಂದರೆ ಅದೇ ಹೆಚ್ಚು ಚಿಕ್ಕಪ್ಪಾ. ಎರಡು ಕಿಲೋ ಆಗೋದು ಈ ಜನ್ಮದಲ್ಲಿ ಇಲ್ಲ" ಎಂದಳು ಮಗಳು. ದಲ್ಲಾಳಿ ದೀಪಾವಳಿ ಆದ ಮೇಲೆ ಬಂದು ನೋಡುತ್ತೇನೆ, ಎಷ್ಟಿದ್ದರೆ ಅಷ್ಟಕ್ಕೆ ನಗದು ಕೊಡುತ್ತೇನೆ ಎಂದಿದ್ದ. ದೀಪಾವಳಿ ಆಯಿತು. ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ನಡೆಯುವುದಿಲ್ಲ ಎಂದು ಟಿ.ವಿ.ಯಲ್ಲಿ ಬಂತು. ಮಾರನೆಯ ದಿನದಿಂದ ದಲ್ಲಾಳಿಯ ಫೋನು ಬಂದ್. ಎರಡು ತಲೆ ಹಾವಿನ ವ್ಯಾಪಾರಿಗೆ ಒಂದು ತಲೆಯೂ ಇಲ್ಲದಂತಾಯಿತು.

ಆ ಸಂಜೆ ವಾರಗಿತ್ತಿ ಊಟಕ್ಕೆ ಬಡಿಸಿ, ಗಂಡನ ಎದುರು ಕುಳಿತು, ಮದುವೆಯಾದ ಹನ್ನೊಂದು ವರ್ಷದಲ್ಲಿ ಮೊದಲ ಸಲ ಎಲ್ಲರ ಮುಂದೆ ದನಿಯೆತ್ತಿ ಮಾತಾಡಿದಳು. "ಬಳೆ ನನ್ನವು. ಹೋದವು ಅಂತ ಬರ್ಕೊಳ್ರಿ. ಹಾವು ನಾಳೆ ಮನೇಲಿ ಇರಬಾರದು." ಅಷ್ಟೇ. ಅತ್ತೆ ಬಾಗಿಲ ಕಡೆ ತಿರುಗಿ ನಕ್ಕದ್ದನ್ನು ನಾನು ಕಂಡೆ.

ಮಾರನೆಯ ದಿನ ಹಾವು ಹಿಡಿಯುವುದರಲ್ಲಿ ಪಳಗಿದ ಹುಡುಗನೊಬ್ಬನಿಗೆ ಮಗಳು ಫೋನು ಮಾಡಿದಳು. ಅವನು ಅರಣ್ಯ ಇಲಾಖೆಯವರನ್ನು ಕರೆದುಕೊಂಡೇ ಬಂದ. ಅವರು ಮೈದುನನನ್ನು ನಿಲ್ಲಿಸಿ ಕೇಳಬೇಕಾದ್ದನ್ನೆಲ್ಲ ಕೇಳಿದರು, ಬರೆದುಕೊಂಡರು, ದಲ್ಲಾಳಿಯ ನಂಬರು ತೆಗೆದುಕೊಂಡರು. ಮೈದುನ ಅವತ್ತು ಬೆವೆತದ್ದು ಮೂರು ಬೋರು ಕೊರೆಸಿದಾಗಲೂ ಬೆವೆತಿರಲಿಲ್ಲ. ಹುಡುಗ ಗುಡಾಣದೊಳಗೆ ಇಣುಕಿ, ಮಣ್ಣು ಮುಟ್ಟಿ ನೋಡಿ, "ಯಾರು ಇಷ್ಟು ಚೆನ್ನಾಗಿ ಇಟ್ಟಿದ್ದು?" ಎಂದ. ಹಾವನ್ನು ಎತ್ತಿದಾಗ ಅದು ಬಾಲ ಎತ್ತಲಿಲ್ಲ, ತಲೆ ಅಡಗಿಸಲಿಲ್ಲ. ನಾಲಿಗೆ ಚಾಚಿ ಗಾಳಿಯನ್ನು ನೋಡಿತು. ಊರಾಚೆಗೆ ದೂರದ ಬಯಲಿನಲ್ಲಿ ಬಿಟ್ಟರಂತೆ. ಅದು ಹೆಣ್ಣು ಹಾವೆಂದು ಆ ಹುಡುಗ ಹೇಳಿದ. ಈ ಜಾತಿ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ ಎಂದೂ ಹೇಳಿದ. ಅತ್ತೆ, "ಹಾಗಾದ್ರೆ ಅದು ನಮ್ಮ ಪೈಕಿಯೇ" ಎಂದರು.

ಬಳೆ ಬಿಡಿಸಿಕೊಳ್ಳಲು ಆಗಲಿಲ್ಲ, ಹರಾಜಿಗೆ ಹೋದವು. ಇದನ್ನು ನಾನು ಸಿಹಿ ಸವರಿ ಹೇಳಲಾರೆ. ವಾರಗಿತ್ತಿ ತವರಿನವರಿಗೆ ನಿಜವನ್ನೇ ಹೇಳಿದಳು. ಅವರ ಅಣ್ಣ ಒಂದು ವರ್ಷ ಮೈದುನನ ಜೊತೆ ಮಾತಾಡಲಿಲ್ಲ, ಆದರೆ ತಂಗಿಗೆ ಹೊಲಿಗೆ ಯಂತ್ರ ಕೊಡಿಸಿದ. ಅವಳು ಈಗಲೂ ಸುತ್ತಿನ ಊರುಗಳ ರವಿಕೆ ಹೊಲಿಯುತ್ತಾಳೆ. ಆ ನವೆಂಬರಿನಿಂದ ಅವಳು ಪೂರ್ತಿ ಮುದ್ದೆ ಉಣ್ಣತೊಡಗಿದಳು ಎಂಬುದನ್ನು ಮಾತ್ರ ನಾನು ಲೆಕ್ಕಕ್ಕೆ ಬರೆದಿಟ್ಟುಕೊಂಡಿದ್ದೇನೆ.

ಅತ್ತೆ 2019ರಲ್ಲಿ ಹೋದರು. ಕೊನೆಯ ಎರಡು ತಿಂಗಳು ಅವರೂ ಊಟ ಒಲ್ಲೆ ಎಂದರು. ನೋಡಲು ಬಂದವರೆಲ್ಲ, "ಒಂದು ತುತ್ತಾದ್ರೂ ತುರುಕಿ ಹಾಕ್ರೇ" ಎನ್ನುತ್ತಿದ್ದರು. ನಾನೂ ವಾರಗಿತ್ತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತುರುಕಲಿಲ್ಲ. ಜನರನ್ನು ಹೊರಗೆ ಕಳಿಸಿ, ಕಿಟಕಿ ಅರ್ಧ ಮುಚ್ಚಿ, ಹೊದಿಕೆ ಬೆಚ್ಚಗೆ ಮಾಡಿ ಪಕ್ಕದಲ್ಲಿ ಸುಮ್ಮನೆ ಕುಳಿತೆವು. ಮಧ್ಯರಾತ್ರಿ ಎಷ್ಟೋ ಹೊತ್ತಿಗೆ ತಾವಾಗಿಯೇ, "ಶೇಂಗಾ ಚಟ್ನಿ ಐತೇನೇ?" ಎಂದರು. ಬೆರಳ ತುದಿಯಷ್ಟು ನಾಲಿಗೆಗೆ ಸವರಿದೆವು. ಚಪ್ಪರಿಸಿ ಮಲಗಿದರು.

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ತುಂಬಿ ಕೋಡಿ ಬಿತ್ತು. 1933ರ ಮೇಲೆ ಹಾಗಾದದ್ದು ಅದೇ ಮೊದಲು. ನಮ್ಮ ಸೀಮೆಗೆ ಸೀಮೆಯೇ ಟ್ರಾಕ್ಟರು ಹತ್ತಿ ನೋಡಲು ಹೋಗಿತ್ತು. ಆ ವರ್ಷ ನಮ್ಮ ಹೊಲದಲ್ಲೂ ಶೇಂಗಾ ಚೆನ್ನಾಗಿ ಕಾಯಿ ಕಟ್ಟಿತು, ಅದರ ಹಿಂದೆಯೇ ಇಲಿಗಳೂ ಬಂದವು. ಗಿಡ ಕೀಳುವ ದಿನ ಸಾಲಿನ ಮಣ್ಣು ಎದ್ದು ಒಂದು ಮಣ್ಣುಮುಕ್ಕ ಹೊರಗೆ ಬಿತ್ತು. ಆಳು ಹುಡುಗರು ಹೋ ಎಂದು ಸುತ್ತುವರಿದರು. ಒಬ್ಬ ಆಗಲೇ ಫೋನು ತೆಗೆದಿದ್ದ. ಮೈದುನ ಓಡಿಬಂದು ಎಲ್ಲರನ್ನೂ ಹ್ಞೂಂಕರಿಸಿ ಆಚೆ ಸರಿಸಿ, "ಇಲಿ ತಿನ್ನೋ ಜೀವ, ಬಿಡ್ರೋ" ಎನ್ನುತ್ತ ಅದರ ಮೇಲೆ ಬೊಗಸೆಯಲ್ಲಿ ಮಣ್ಣು ಮುಚ್ಚಿದ.

ವಾರಗಿತ್ತಿ ಬದುವಿನ ಮೇಲೆ ಬುತ್ತಿ ಬಿಚ್ಚುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು:

"ಎಷ್ಟು ತೂಕ ಇತ್ತು?"